‘ಟ್ಯಾಂಕು’ ನುಡಿಸಿದ ಮಧ್ಯಾಹ್ನ

ಅಣ್ಣ ಶ್ರುತಿ ಮಾಡುವಾಗ ಕಣ್ಣು ಮುಚ್ಚಿಕೊಳ್ಳುವವನು. ತಂಗಿ ಅದನ್ನು ಶಾಲೆಗೆ ಹೋಗುವ ವಯಸ್ಸಿನಿಂದ ನೋಡಿಕೊಂಡು ಬಂದವಳು. ಗಿಟಾರಿನ ಬಿರಡೆ ತಿರುಗಿಸುತ್ತ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ದೂರದಲ್ಲೆಲ್ಲೋ ಯಾರೋ ಹೇಳುತ್ತಿರುವ ಗುಟ್ಟನ್ನು ಕೇಳಿಸಿಕೊಳ್ಳುವವನ ಹಾಗೆ ನಿಂತಿರುತ್ತಿದ್ದ. ಶ್ರುತಿ ತೋರಿಸುವ ಯಂತ್ರಗಳನ್ನು ಕಂಡರೆ ಅವನಿಗೆ ಅಷ್ಟಕ್ಕಷ್ಟೆ. “ಸಾರಿಗೆ ಉಪ್ಪು ಸಾಕಾ ಅಂತ ನೋಡೋಕೆ ಥರ್ಮಾಮೀಟರ್ ಇಡ್ತಾರಾ?” ಎಂದು ನಗುತ್ತಿದ್ದ.

ಅಂಥವನು ಆ ವಾರದ ತಾಲೀಮಿಗೆ ಗಿಟಾರಿನ ತಲೆಗೆ ಅಂಥದೇ ಒಂದು ಪುಟ್ಟ ಯಂತ್ರ ಸಿಕ್ಕಿಸಿಕೊಂಡು ಬಂದಿದ್ದ. ಒಂದೊಂದು ಟ್ಯೂನು ಶುರುಮಾಡುವ ಮುಂಚೆಯೂ ಅದರ ಹಸಿರು ದೀಪ ಹತ್ತುವವರೆಗೆ ರೆಪ್ಪೆ ಬಡಿಯದೆ ನೋಡುತ್ತಿದ್ದ. ಡ್ರಮ್ಮಿನ ಹಿಂದೆ ಕೂತಿದ್ದ ಗುಡುಗಪ್ಪ, “ಏನೋ ಭಾವ, ವಯಸ್ಸಾಯ್ತಾ?” ಎಂದು ರೇಗಿಸಿದ. ಅಣ್ಣ ನಕ್ಕ. ಆದರೆ ಆ ನಗು ಮಾತು ಮುಗಿದು ಸ್ವಲ್ಪ ಹೊತ್ತಾದ ಮೇಲೆ ಬಂತು. ಗುಡುಗಪ್ಪನ ತುಟಿ ನೋಡಿ ಅರ್ಥ ಮಾಡಿಕೊಂಡು ನಕ್ಕ ಹಾಗಿತ್ತು.

ಗುಡುಗಪ್ಪ ಅವರ ಸೋದರಮಾವನ ಮಗ. ತೊಟ್ಟಿಲಲ್ಲಿದ್ದಾಗಲೇ ಕೈಗೆ ಸಿಕ್ಕಿದ್ದನ್ನೆಲ್ಲ ಬಡಿಯುತ್ತಿದ್ದನೆಂದು ಮನೆಯವರು ಇಟ್ಟ ಹೆಸರದು. ಹತ್ತು ವರ್ಷದ ಹಿಂದೆ ಈ ಮೂವರೂ ಸೇರಿ, ತಾವಿದ್ದ ಕಟ್ಟಡದ ತಾರಸಿಯ ಮೇಲೆ ಖಾಲಿ ಬಿದ್ದಿದ್ದ ಸಿಮೆಂಟಿನ ನೀರಿನ ಟ್ಯಾಂಕಿನೊಳಗೆ ಮೈಕು ಇಳಿಬಿಟ್ಟು ಒಂದು ಆಲ್ಬಮ್ ಮಾಡಿದ್ದರು. ಟ್ಯಾಂಕಿನ ಗೋಡೆಗಳಿಗೆ ಬಡಿದು ಬರುವ ಗಿಟಾರಿನ ದನಿಗೆ ಬೇರೆಲ್ಲೂ ಸಿಗದ ಒಂದು ಮೊಳಗಿತ್ತು. ಅದಕ್ಕೇ ಆಲ್ಬಮ್ಮಿಗೆ ‘ಟ್ಯಾಂಕು’ ಎಂದೇ ಹೆಸರಿಟ್ಟರು. ಹಾಡುವವರಿಲ್ಲ, ಒಂದು ಮಾತೂ ಇಲ್ಲ, ಬರೀ ಅಣ್ಣನ ಗಿಟಾರು, ತಂಗಿಯ ದಪ್ಪ ದನಿಯ ಬೇಸ್ ಗಿಟಾರು, ಗುಡುಗಪ್ಪನ ಡ್ರಮ್ಮು. ಇದನ್ನು ಯಾರು ಕೇಳುತ್ತಾರೆ ಎಂದು ಕಂಡಕಂಡವರೆಲ್ಲ ಮೂಗು ಮುರಿದಿದ್ದರು. ಕೇಳಿದರು. ಲಾರಿ ಓಡಿಸುವವರು ಕೇಳಿದರು, ಪರೀಕ್ಷೆಗೆ ಓದುವವರು ಕೇಳಿದರು, ಕ್ಷೌರದಂಗಡಿಗಳಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಅದೇ. ಅದರಲ್ಲೂ ‘ಊಟಕ್ಕೆ ಬಾ’ ಎಂಬ ಟ್ಯೂನು ಮನೆಮಾತಾಯಿತು. ತಾರಸಿಯಲ್ಲಿ ಮೈಮರೆತಿದ್ದ ಮಕ್ಕಳನ್ನು ಅಮ್ಮ ಕೆಳಗಿನಿಂದ ಕೂಗಿ ಕರೆಯುತ್ತಿದ್ದ ರಾಗವನ್ನೇ ಅಣ್ಣ ತಂತಿಯ ಮೇಲೆ ಇಳಿಸಿದ್ದ. ಒಂದೇ ತಂತಿಯನ್ನು ಬೆರಳಿನಿಂದ ಮೇಲಕ್ಕೆ ತಳ್ಳಿ ತಳ್ಳಿ, ದನಿಯನ್ನು ಏರಿಸುತ್ತ ಹೋಗಿ, ತುದಿಯಲ್ಲಿ ಅಮ್ಮನ ಗಂಟಲು ನಡುಗುವ ಹಾಗೆ ನಡುಗಿಸುತ್ತಿದ್ದ. ಅಲ್ಲಿ ಬೆರಳಿಗೆ ಆಧಾರವಾಗಿ ಫ್ರೆಟ್ಟುಗಳ ನಡುವಿನ ಯಾವ ಮನೆಯೂ ಇಲ್ಲ, ಯಾವ ಗೆರೆಯೂ ಇಲ್ಲ. ಎಲ್ಲಿ ನಿಲ್ಲಬೇಕೆಂದು ಹೇಳುವುದು ಕಿವಿ ಒಂದೇ.

ಆ ದಿನ ‘ಊಟಕ್ಕೆ ಬಾ’ ನುಡಿಸುವಾಗ ದನಿ ತುದಿ ಮುಟ್ಟಲಿಲ್ಲ. ಕೂದಲೆಳೆಯಷ್ಟು ಕೆಳಗೇ ನಿಂತಿತು. ಗುಡುಗಪ್ಪ ಗಮನಿಸಲಿಲ್ಲ. ಅಣ್ಣನೂ ಗಮನಿಸಲಿಲ್ಲ ಎಂಬುದು ತಂಗಿಯ ನಿದ್ದೆಗೆಡಿಸಿತು.

ಮರುದಿನ ಅವಳು ಮಾಡಬಾರದ್ದೊಂದು ಮಾಡಿದಳು. ತಾಲೀಮಿನ ನಡುವೆ ಅವನು ಬೆನ್ನು ತಿರುಗಿಸಿದಾಗ ತನ್ನ ಬೇಸಿನ ಒಂದು ತಂತಿಯನ್ನು ಸಡಿಲ ಮಾಡಿಬಿಟ್ಟಳು. ಗುಡುಗಪ್ಪ ಟೀ ಕುಡಿಯಲು ಹೊರಗೆ ಹೋಗಿದ್ದ. ಇಬ್ಬರೇ ಒಂದು ಟ್ಯೂನು ಎತ್ತಿಕೊಂಡರು. ಬೇಸಿನ ದನಿ ಹಳಸಿದ ಹಾಲಿನ ಹಾಗೆ ಒಡೆದು ಬರುತ್ತಿತ್ತು. ಪಕ್ಕದ ಮನೆಯ ಫ್ಯಾನು ಶ್ರುತಿ ತಪ್ಪಿ ಗುಂಯ್‌ಗುಟ್ಟಿದರೂ ಹಲ್ಲು ಕಡಿಯುತ್ತಿದ್ದವನು ತಲೆದೂಗುತ್ತ ನುಡಿಸುತ್ತಲೇ ಇದ್ದ.

ಅವಳು ಕೈ ನಿಲ್ಲಿಸಿದಳು. “ಅಣ್ಣಾ, ಯಾವತ್ತಿಂದ?”

“ಏನು ಯಾವತ್ತಿಂದ?”

“ನನ್ನ ತಂತಿ ಅರ್ಧ ಸ್ವರ ಕೆಳಗಿದೆ. ನಿಂಗೆ ಗೊತ್ತಾಗ್ಲಿಲ್ಲ.”

ಅವನು ಗಿಟಾರನ್ನು ಮೆಲ್ಲಗೆ ಕೆಳಗಿಟ್ಟು ಸ್ಪೀಕರ್ ಪೆಟ್ಟಿಗೆಯ ಮೇಲೆ ಕೂತು ಎಲ್ಲ ಹೇಳಿಕೊಂಡ. ಬಲಗಿವಿ ಮಂದವಾಗಿ ವರ್ಷಗಳೇ ಆಗಿದ್ದವು. ಎಡಗಿವಿಯೊಂದರಲ್ಲೇ ಕಾಲ ಹಾಕುತ್ತಿದ್ದ. ಈಚೆಗೆ ಒಂದು ಬೆಳಿಗ್ಗೆ ಎದ್ದಾಗ ಅದೂ ಕೈಕೊಟ್ಟಿತ್ತು. ಕೇಳಿಸುತ್ತಿರಲಿಲ್ಲವೆಂದಲ್ಲ, ಕೇಳಿಸಿದ್ದೆಲ್ಲ ಸೊಟ್ಟ. ಬಾಗಿಲ ಗಂಟೆ ಎರಡು ದನಿಯಲ್ಲಿ ಹೊಡೆದುಕೊಳ್ಳುತ್ತದೆ, ಹೆಂಡತಿಯ ಮಾತು ಕೊಳವೆಯೊಳಗಿಂದ ಬಂದ ಹಾಗಿರುತ್ತದೆ.

“ಡಾಕ್ಟ್ರು?”

“ನೋಡಿದ್ದಾರೆ. ಮಾತ್ರೆ ಕೊಟ್ಟಿದ್ದಾರೆ. ಸರಿ ಹೋಗುತ್ತೆ ಅಂದ್ರು.”

“ಮತ್ತೆ ಭಾನುವಾರದ ಕಾರ್ಯಕ್ರಮ?”

“ಅದು ನಡೀಬೇಕು ಪುಟ್ಟಿ. ಇಷ್ಟು ವರ್ಷದಲ್ಲಿ ‘ಟ್ಯಾಂಕು’ನ ಮೊದ್ಲಿಂದ ಕೊನೆವರೆಗೆ ಒಂದು ಸಲಾನೂ ಸ್ಟೇಜಲ್ಲಿ ನುಡಿಸಿಲ್ಲ ನಾವು. ಮುಂದಕ್ಕೆ ಹಾಕಿದ್ರೆ ಆ ಮುಂದಕ್ಕೆ ಅನ್ನೋದು ಬರುತ್ತೋ ಇಲ್ವೋ.” ಅವನು ಬಾಗಿಲ ಕಡೆ ನೋಡಿದ. “ಗುಡುಗಂಗೆ ಮಾತ್ರ ಹೇಳ್ಬೇಡ. ಅವನಿಗಂತೂ ಬೇಡವೇ ಬೇಡ. ನನ್ನಾಣೆ.”

ಯಾಕೆಂದು ಅವಳು ಕೇಳುವಷ್ಟರಲ್ಲಿ ಗುಡುಗಪ್ಪನ ಶಿಳ್ಳೆ ಅಂಗಳದಲ್ಲಿ ಕೇಳಿಸಿತು. ಅವಳು ಹೂಂ ಎಂದುಬಿಟ್ಟಳು.

ಕಾರ್ಯಕ್ರಮ ಇದ್ದದ್ದು ಭಾನುವಾರ ಮಧ್ಯಾಹ್ನ. ಹಳೆಯ ದೊಡ್ಡ ಸಭಾಂಗಣ, ಮಾಳಿಗೆಯ ಸೀಟುಗಳೂ ಭರ್ತಿ. ಅವತ್ತಿನದನ್ನು ರೆಕಾರ್ಡು ಮಾಡಿ ಹೊಸ ಆಲ್ಬಮ್ಮಾಗಿ ತರುವ ಮಾತಾಗಿತ್ತು. ಬೆಳಿಗ್ಗೆ ಸದ್ದು ಹೊಂದಿಸಿ ನೋಡುವಾಗ ಗುಡುಗಪ್ಪ ಹುರುಪಿನಲ್ಲಿ ಸಿಂಬಲ್ಲಿನ ಹಿತ್ತಾಳೆ ತಟ್ಟೆಗೆ ಒಂದೇಟು ಹಾಕಿದ. ಅಣ್ಣ ಬೆಂಕಿ ತಾಗಿದವನ ಹಾಗೆ ಮುಖ ಕಿವುಚಿದ. ಗಿಟಾರು ಕಳಚಿಟ್ಟು, “ಈಗ್ ಬಂದೆ” ಎಂದು ಪಕ್ಕದ ಓಣಿಗೆ ನಡೆದ. ತಂಗಿ ಹಿಂದೆಯೇ ಹೋದಳು. ಅವನು ಗೋಡೆಗೆ ಎರಡೂ ಅಂಗೈ ಊರಿ ನಿಂತಿದ್ದ. ತಲೆ ಸುತ್ತಿ, ತಿಂದದ್ದೆಲ್ಲ ಕಸದ ಬುಟ್ಟಿಗೆ ಬಂದಿತ್ತು.

“ಬೆಳಿಗ್ಗೆ ತಿಂದಿದ್ದು ಸರಿ ಇರ್ಲಿಲ್ಲ” ಎಂದ.

ಅವಳು ನಂಬಲಿಲ್ಲ. ಆದರೂ ಬಾಯಿಗೆ ಹಾಕಿಕೊಂಡ ಬೀಗ ತೆಗೆಯುವುದು ಹೇಗೆಂದು ತಿಳಿಯದೆ ನೀರು ತಂದುಕೊಟ್ಟಳು.

ಅತ್ತಿಗೆ ಬಂದದ್ದು ಸಭಾಂಗಣದ ಬಾಗಿಲು ತೆರೆಯುವ ಹೊತ್ತಿಗೆ. ಕೈಯಲ್ಲೊಂದು ಬಟ್ಟೆ ಚೀಲ. ಒಳಗೆ ಕಿವಿಗೆ ತುರುಕುವ ಮೇಣದ ಬಿರಡೆಗಳು, ಕಾರ್ಖಾನೆಯಲ್ಲಿ ಹಾಕಿಕೊಳ್ಳುವಂಥ ದಪ್ಪ ಕಿವಿಮುಚ್ಚಳ.

“ಸ್ಟೇಜ್ ಮೇಲೆ ಸ್ಪೀಕರೆಲ್ಲ ತೆಗೆಸಿದೀರಾ?” ಎಂದು ಬಂದವಳೇ ಕೇಳಿದಳು.

“ಯಾಕೆ ತೆಗೆಸ್ಬೇಕು ಅತ್ತಿಗೆ?”

ಅತ್ತಿಗೆಯ ಮುಖದ ರಕ್ತವೆಲ್ಲ ಇಳಿದುಹೋಯಿತು. “ಪುಟ್ಟಿ ಎಲ್ಲಾ ನೋಡ್ಕೊಂಡಿದಾಳೆ, ಸ್ಟೇಜ್ ಮೇಲೆ ಸದ್ದೇ ಇರಲ್ಲ ಅಂದ್ರಲ್ಲ ನಿಮ್ಮಣ್ಣ! ಅದಕ್ಕೇ ನಾನು ಒಪ್ಪಿದ್ದು. ಡಾಕ್ಟ್ರ ಎದುರಿಗೆ ನಾನೇ ಕೂತಿದ್ದೆ. ನರ ಊದ್ಕೊಂಡಿದೆ, ಈಗ ದೊಡ್ಡ ಸದ್ದು ಬಿದ್ರೆ ಉಳಿದಿರೋ ಚೂರೂ ಹೋಗುತ್ತೆ, ಆಮೇಲೆ ವಾಪಸ್ ಬರಲ್ಲ ಅಂತ ಬಾಯಿ ಬಿಟ್ಟು ಹೇಳಿದ್ದಾರೆ. ನಿಮಗೆ ಹೇಳ್ಲಿಲ್ವಾ?”

ತಂಗಿ ಅಲ್ಲಿಂದಲೇ ವೇದಿಕೆಯ ಹಿಂದಕ್ಕೆ ಧಾವಿಸಿದಳು. ಬಣ್ಣದ ಕೋಣೆಯ ಬಾಗಿಲನ್ನು ಹೆಗಲಿಂದ ನೂಕಿಕೊಂಡೇ ಒಳಗೆ ಹೋದಳು. ಅಣ್ಣ ಕನ್ನಡಿಯ ಮುಂದೆ ಕೂತು ಬೆರಳುಗಳಿಗೆ ಎಣ್ಣೆ ಸವರುತ್ತಿದ್ದ. ಹೊರಗೆ ಜನ ಸೀಟು ಹುಡುಕುವ ಗಲಾಟೆ ಗೋಡೆ ದಾಟಿ ಬರುತ್ತಿತ್ತು.

“ನಂಗೊಂದು ಸುಳ್ಳು, ಅತ್ತಿಗೆಗೊಂದು ಸುಳ್ಳು. ಚೆನ್ನಾಗಿ ಹಂಚಿದೀಯ” ಎಂದಳು. ದನಿ ಎತ್ತರವಾಗಿಯೇ ಇತ್ತು, ಅವನಿಗೆ ಕೇಳಿಸಲೆಂದೂ ಹೌದು, ಸಿಟ್ಟಿಗೂ ಹೌದು. “ನಾನು ಸ್ಟೇಜಿಗೆ ಬರಲ್ಲ.”

“ಬರ್ಬೇಡ. ನಾನೊಬ್ಬನೇ ಹೋಗ್ತೀನಿ.”

“ಶ್ರುತಿ ಕಾಣದೆ ಒಬ್ಬನೇ ಹೋಗಿ ಏನ್ ಮಾಡ್ತೀಯ?”

“ಹಾಳು ಮಾಡ್ತೀನಿ. ಆದ್ರೂ ನುಡಿಸ್ತೀನಿ. ನನ್ನ ಕಿವಿ, ನನ್ನಿಷ್ಟ.”

“ಯಾವ್ ಕಿವಿ? ಏನಾಗಿದೆ ಕಿವಿಗೆ?”

ಬಾಗಿಲಲ್ಲಿ ಗುಡುಗಪ್ಪ ನಿಂತಿದ್ದ. ಕೋಲುಗಳನ್ನು ಬಗಲಲ್ಲಿ ಇಟ್ಟುಕೊಂಡು, ಇಬ್ಬರ ಮುಖವನ್ನೂ ನೋಡುತ್ತಿದ್ದ. ಅಣ್ಣ ತಂಗಿಯ ಕಡೆ ದುರುಗುಟ್ಟಿದ. ಕೊಟ್ಟ ಮಾತು ಅವಳ ನಾಲಿಗೆಯ ಮೇಲೆ ಕಲ್ಲಾಗಿ ಕೂತಿತು. ಆದರೂ ಎಲ್ಲ ಹೇಳಿಬಿಟ್ಟಳು. ಎಡಗಿವಿ ಸೊಟ್ಟಾಗಿದ್ದು, ಡಾಕ್ಟರು ಹೇಳಿದ್ದು, ಬಲಗಿವಿ ಮುಂಚೆಯೇ ಹೋಗಿದ್ದು.

ಗುಡುಗಪ್ಪ ಬಗಲಿನ ಕೋಲುಗಳನ್ನು ಕೈಗೆ ತೆಗೆದುಕೊಂಡು ನೋಡಿದ.

“ಬಲಗಿವಿ” ಎಂದ. “ನನ್ನ ಸಿಂಬಲ್ ಯಾವಾಗ್ಲೂ ಇವನ ಬಲಗಡೆಗೇ ಅಲ್ವಾ ಇರೋದು? ಟ್ಯಾಂಕ್ ಪಕ್ಕದಲ್ಲಿದ್ದಾಗ್ಲಿಂದ?”

ತನಗೆ ಆಣೆ ಹಾಕಿಸಿದ್ದು ಯಾಕೆಂದು ತಂಗಿಗೆ ಆಗ ಹೊಳೆಯಿತು.

“ನಿಂದೇನೂ ತಪ್ಪಿಲ್ವೋ” ಎಂದ ಅಣ್ಣ, ನೆಲ ನೋಡುತ್ತ. “ನಾನೇ ಅಲ್ಲವಾ ಜೋರಾಗಿ ಹೊಡಿ ಅಂತಿದ್ದಿದ್ದು.”

ಗುಡುಗಪ್ಪ ಕುರ್ಚಿಯ ಮೇಲೆ ಕುಸಿದು, ಕೋಲುಗಳನ್ನು ನೆಲಕ್ಕೆ ಬಿಟ್ಟ. ಅವನ ಕಣ್ಣು ತುಂಬಿತ್ತು. ಹೊರಗೆ ಜನ ಶಿಳ್ಳೆ ಹಾಕಲು ಶುರುಮಾಡಿದ್ದರು. ಅವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಎದ್ದ.

“ಸೌಂಡಣ್ಣನ್ನ ಕರೀರಿ” ಎಂದ. “ಸ್ಟೇಜ್ ಮೇಲೆ ಒಂದೂ ಸ್ಪೀಕರ್ ಪೆಟ್ಟಿಗೆ ಇರಕೂಡದು. ಎಲ್ಲಾ ಹಿಂದಿನ ಓಣಿಗೆ ಹೋಗ್ಲಿ. ಸದ್ದು ಜನರ ಕಡೆಗೆ ಮಾತ್ರ. ನಾನು ಕೋಲು ಮುಟ್ಟಲ್ಲ, ತಂತಿ ಕುಂಚದಲ್ಲಿ ಮೆತ್ತಗೆ ಬಾರಿಸ್ತೀನಿ. ಸಿಂಬಲ್ ಬಿಚ್ಚಿ ಬಿಸಾಕಿ.”

“ಸಿಂಬಲ್ ಇಲ್ದೆ ‘ಟ್ಯಾಂಕು’ ಹೆಂಗೋ ಆಗುತ್ತೆ?”

“ಕಿವಿ ಇಲ್ದೆ ಆಗುತ್ತೆ ಅಂತ ಹೊರಟಿದ್ಯಲ್ಲ, ಅದಕ್ಕಿಂತ ವಾಸಿ!”

ಸೌಂಡಣ್ಣ, ಅಂದರೆ ಸಭಾಂಗಣದ ಧ್ವನಿವರ್ಧಕಗಳನ್ನು ನೋಡಿಕೊಳ್ಳುವ ಬೊಕ್ಕತಲೆಯ ಹಿರಿಯರು, ಬಂದು ಕೇಳಿ ತಲೆ ಮೇಲೆ ಕೈ ಹೊತ್ತರು. “ಜನ ಒಳಗೆ ಕೂತಾಗಿದೆಯಲ್ರಪ್ಪಾ!” ಎಂದರು. ಅನ್ನುತ್ತಲೇ ವೈರು ಸುತ್ತಲು ಹೊರಟರು. ಪರದೆಯ ಹಿಂದೆ ಪೆಟ್ಟಿಗೆಗಳನ್ನು ಎಳೆಯುವ ಸದ್ದಿಗೆ ಜನ ಚಪ್ಪಾಳೆ ತಟ್ಟಿದರು, ಏನೋ ಶುರುವಾಯಿತೆಂದುಕೊಂಡು.

ಅತ್ತಿಗೆ ಗಂಡನ ಕಿವಿಗಳಿಗೆ ಮೇಣ ಒತ್ತಿ, ಮೇಲೆ ಕಿವಿಮುಚ್ಚಳ ಹಾಕಿದಳು. ಅದಕ್ಕೂ ಮುಂಚೆ ಒಂದು ಮಾತು ಹೇಳಿದಳು: “ಮಧ್ಯದಲ್ಲಿ ಇದನ್ನ ತೆಗೆದ್ರೆ ನಾನು ಸ್ಟೇಜ್ ಮೇಲೇ ಬರ್ತೀನಿ, ಮರ್ಯಾದೆ ನೋಡಲ್ಲ.” ಅವನು ತಲೆಯಾಡಿಸಿದ. ಆಮೇಲೆ ಗಿಟಾರಿನ ತಂತಿ ಮೀಟಿ ನೋಡಿ ತಂಗಿಯ ಕಡೆ ತಿರುಗಿದ. ಅವನ ಮುಖದಲ್ಲಿ ಮೊದಲ ಸಲ ಭಯ ಕಂಡಿತು.

“ಏನೂ ಕೇಳಿಸ್ತಿಲ್ಲ ಪುಟ್ಟಿ. ಮರದ ಹಲಗೆ ಮೀಟಿದ ಹಾಗಿದೆ. ‘ಊಟಕ್ಕೆ ಬಾ’ದಲ್ಲಿ ಎಲ್ಲಿ ನಿಲ್ಲಿಸ್ಲಿ?”

ಅವಳು ಎರಡೂ ಕೈಯಲ್ಲಿ ಅವನ ಮುಖ ಹಿಡಿದು ತನ್ನತ್ತ ತಿರುಗಿಸಿಕೊಂಡು, ತುಟಿ ಬಿಡಿಸಿ ಹೇಳಿದಳು. “ನನ್ನ ಮುಖ ನೋಡು. ಗದ್ದ ಎತ್ತಿದ್ರೆ ಇನ್ನೂ ಮೇಲೆ. ಇಳಿಸಿದ್ರೆ ಕೆಳಗೆ. ಕಣ್ಣು ಮುಚ್ಚಿದ್ರೆ ಅಲ್ಲೇ ನಿಲ್ಲು.”

ಪರದೆ ಸರಿಯಿತು. ಅಣ್ಣನ ತಲೆಯ ಮೇಲಿನ ಆ ದಪ್ಪ ಮುಚ್ಚಳ ನೋಡಿ ಜನ ಹೋ ಎಂದು ನಕ್ಕರು. ಅದೊಂದು ವೇಷವೆಂದುಕೊಂಡರು. ಗುಡುಗಪ್ಪ ಕುಂಚಗಳನ್ನು ಮೇಲೆತ್ತಿ ತಾಳ ತೋರಿಸಿದ. ಮೊದಲ ಟ್ಯೂನು ಹೊರಟಿತು.

ಸದ್ದೆಲ್ಲ ಜನರ ಪಾಲಾಗಿತ್ತು. ವೇದಿಕೆಯ ಮೇಲೆ ಕುಂಚದ ಸರಸರ, ತಂತಿಯ ಟಿಕಟಿಕ ಅಷ್ಟೆ. ಸಭಾಂಗಣದ ಹಿಂದಿನ ಗೋಡೆಗೆ ಬಡಿದು ಬರುವ ಮರುದನಿಯಲ್ಲಿ ತಂಗಿ ಅಣ್ಣನ ಗಿಟಾರನ್ನು ಹುಡುಕಿ ಕೇಳಬೇಕಿತ್ತು. ಜೋರಿನ ಟ್ಯೂನುಗಳಲ್ಲಿ ಅಷ್ಟು ಕಷ್ಟವಾಗಲಿಲ್ಲ. ಬೆರಳುಗಳು ಮನೆಯಿಂದ ಮನೆಗೆ ಹಾರುತ್ತಿದ್ದವು, ದಾರಿ ಕೈಗೆ ಗೊತ್ತಿತ್ತು. ಆದರೂ ಅವಳು ಅವನ ಮೇಲಿಂದ ಕಣ್ಣು ಕೀಳಲಿಲ್ಲ. ಒಮ್ಮೆ ಅವನು ತಾಳ ಬಿಟ್ಟು ಮುಂದೆ ಓಡಿದ. ಗುಡುಗಪ್ಪ ಕೂತಲ್ಲೇ ಅರ್ಧ ಎದ್ದು, ಕೈಯನ್ನು ಗಾಳಿಯಲ್ಲಿ ದೊಡ್ಡದಾಗಿ ಬೀಸಿ ಬೀಸಿ ಅವನನ್ನು ವಾಪಸು ಎಳೆದು ತಂದ. ಬೆವರು ಇಳಿದು ತಂಗಿಯ ಕಣ್ಣು ಉರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಆಮೇಲೆ ಬಂತು ‘ಊಟಕ್ಕೆ ಬಾ’. ಮೊದಲ ಸ್ವರ ಬಿದ್ದದ್ದೇ ಸಭೆ ಒಂದೇ ಸಲಕ್ಕೆ ಮೌನವಾಯಿತು. ಅಣ್ಣ ಅವಳ ಎದುರಿಗೆ, ಮೊಣಕೈ ತಾಗುವಷ್ಟು ಹತ್ತಿರ ಬಂದು ನಿಂತ. ಬೆರಳು ತಂತಿಯನ್ನು ತಳ್ಳಿತು. ದನಿ ಏರಿತು, ಏರಿತು, ನಿಂತಿತು. ಕೆಳಗೇ ನಿಂತಿತು. ಮುಂದಿನ ಸಾಲಿನಲ್ಲಿ ಯಾರದೋ ಹುಬ್ಬು ಗಂಟಿಕ್ಕಿದ್ದು ತಂಗಿಗೆ ಕಂಡಿತು. ಅವಳು ಗದ್ದ ಎತ್ತಿದಳು. ಅವನು ತಳ್ಳಿದ. ಇನ್ನೂ ಸಾಲದು, ಮತ್ತೆ ಎತ್ತಿದಳು. ಈ ಸಲ ದಾಟಿ ಹೋಯಿತು, ದನಿ ಕೀಚಲಾಯಿತು. ಗದ್ದ ಇಳಿಸಿದಳು, ಇಷ್ಟೇ ಇಷ್ಟು. ಅವನ ಬೆರಳ ತುದಿ ಬಿಳಿಚಿಕೊಂಡು ನಡುಗುತ್ತಿತ್ತು. ದನಿ ಜಾರಿ ಜಾರಿ ಬಂದು ತನ್ನ ಜಾಗದಲ್ಲಿ ಕೂತಾಗ ಅವಳು ಕಣ್ಣು ಮುಚ್ಚಿದಳು. ಅಮ್ಮನ ದನಿ ಸಭೆಯ ತುಂಬ ನಿಂತಿತು. ಅಮ್ಮ ಹೀಗೇ ಅಲ್ಲವೆ ಕರೆಯುತ್ತಿದ್ದದ್ದು, ಒಮ್ಮೆ ಕೂಗಿ, ಸಾಲದೆಂದು ಇನ್ನೊಮ್ಮೆ ಎತ್ತರಿಸಿ, ಮಕ್ಕಳು ಮೆಟ್ಟಿಲಿಳಿಯುವ ಸದ್ದು ಕೇಳಿ ತಗ್ಗಿಸಿ.

ಎರಡನೇ ಸುತ್ತಿಗೆ ಜನ ತಾವೇ ಗುನುಗತೊಡಗಿದರು. ಮೊದಲು ಮಾಳಿಗೆಯಿಂದ, ಆಮೇಲೆ ಎಲ್ಲ ಕಡೆಯಿಂದ. ಅಣ್ಣನಿಗೆ ಅದು ಕೇಳಿಸಲಿಲ್ಲ. ಸಾಲುಸಾಲಾಗಿ ತುಟಿಗಳು ಅಲುಗುವುದು ಕಂಡಿತು. ಏನೆಂದು ತಿಳಿಯದೆ ತಂಗಿಯನ್ನು ನೋಡಿದ. ಅವಳು ಬೇಸಿನಿಂದ ಕೈ ತೆಗೆದು ಜನರ ಕಡೆ ಬೆರಳು ತೋರಿಸಿ, ತನ್ನ ಗಂಟಲು ಮುಟ್ಟಿಕೊಂಡಳು. ಅವನು ಅರ್ಥಮಾಡಿಕೊಂಡ. ತಂತಿಯ ಮೇಲೆ ಅಂಗೈ ಇಟ್ಟು ಸದ್ದಡಗಿಸಿ ಸುಮ್ಮನೆ ನಿಂತುಬಿಟ್ಟ. ಅವನ ರಾಗವನ್ನು ಇಡೀ ಸಭೆ ಹೇಳಿತು, ಅವನೊಬ್ಬನನ್ನು ಬಿಟ್ಟು ಎಲ್ಲರೂ ಕೇಳಿದರು.

ಟ್ಯೂನು ಮುಗಿದದ್ದೇ ತಡ ಜನ ಎದ್ದು ನಿಂತರು. ಚಪ್ಪಾಳೆ, ಕೂಗು, ಕಾಲು ಕುಟ್ಟುವ ಸದ್ದು, ಹಲಗೆಗಳು ಅದುರಿದವು. ಡ್ರಮ್ಮಿನ ಸದ್ದಿಗೆ ಅಷ್ಟೆಲ್ಲ ಜಾಗ್ರತೆ ಮಾಡಿದವರು ಚಪ್ಪಾಳೆಯ ಯೋಚನೆಯನ್ನೇ ಮಾಡಿರಲಿಲ್ಲ. ಅಣ್ಣ ನೋಡುತ್ತ ನಿಂತಿದ್ದ. ಅವನ ಮುಖ ಮಗುವಿನ ಮುಖದಂತಾಗಿತ್ತು. ಕೈ ತಾನಾಗಿ ಮೇಲೆದ್ದು ಎಡಗಡೆಯ ಮುಚ್ಚಳವನ್ನು ಸರಿಸಿತು. ಬೆರಳು ಮೇಣಕ್ಕೆ ಹೋಯಿತು.

ತಂಗಿ ಬೇಸಿನ ಪಟ್ಟಿ ಕೊರಳಲ್ಲಿರುವಂತೆಯೇ ಹಾರಿ ಅವನ ಮಣಿಕಟ್ಟು ಹಿಡಿದಳು. ಅವನು ಕೊಸರಿದ. “ಒಂದೇ ಸಲ” ಎಂದಿತು ಅವನ ತುಟಿ. “ಒಂದ್ಸಲ ಕೇಳ್ತೀನಿ, ಬಿಡೇ.” ಅವಳು ಬಿಡಲಿಲ್ಲ. ಅವನು ಬಲವಾಗಿ ಎಳೆದ, ಅವಳ ಉಗುರು ಅವನ ಚರ್ಮಕ್ಕೆ ನಾಟಿತು. ಪರದೆಯ ಮರೆಯಿಂದ ಅತ್ತಿಗೆ ಅರ್ಧ ವೇದಿಕೆಯವರೆಗೆ ಬಂದಿದ್ದಳು. ಅಣ್ಣನ ಕಣ್ಣಲ್ಲಿ ಎಂಥ ಸಿಟ್ಟಿತ್ತೆಂದರೆ, ಇವನು ಇನ್ನು ಜನ್ಮದಲ್ಲಿ ತನ್ನೊಂದಿಗೆ ಮಾತಾಡುವುದಿಲ್ಲವೆಂದು ತಂಗಿಗೆ ಅನ್ನಿಸಿತು. ಅನ್ನಿಸಿದರೂ ಹಿಡಿತ ಸಡಿಲಿಸಲಿಲ್ಲ. ಅಣ್ಣತಂಗಿ ಕೈ ಕೈ ಹಿಡಿದು ನಿಂತಿದ್ದಾರೆಂದು ಜನ ಇನ್ನಷ್ಟು ಜೋರಾಗಿ ಚಪ್ಪಾಳೆ ತಟ್ಟಿದರು.

ಕೊನೆಗೆ ಅವನ ತೋಳು ಸೋತಿತು. ಅವಳೇ ಮುಚ್ಚಳವನ್ನು ಸರಿಯಾಗಿ ಕೂರಿಸಿದಳು. ಉಳಿದ ಟ್ಯೂನುಗಳನ್ನು ಅವನು ಅವಳ ಮುಖ ನೋಡಿಯೇ ನುಡಿಸಿದ. ನೋಡಿದ್ದು ಗದ್ದವನ್ನು ಮಾತ್ರ, ಕಣ್ಣನ್ನಲ್ಲ.

ಎಲ್ಲ ಮುಗಿದು ಬಣ್ಣದ ಕೋಣೆಗೆ ಬಂದ ಮೇಲೆ ಅತ್ತಿಗೆ ಮೇಣ ತೆಗೆದಳು. ಅವನು ಹೆಂಡತಿಯ ದನಿಗೆ ಕಿವಿಗೊಟ್ಟು, ಇನ್ನೂ ಕೇಳಿಸುತ್ತದೆ ಎಂದು ತಲೆಯಾಡಿಸಿದ. ಗುಡುಗಪ್ಪ ಕೋಣೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಬಿಕ್ಕಿದ.

“ಹೇಗಿತ್ತು?” ಎಂದು ಅಣ್ಣ ಕೇಳಿದ. ಕೇಳಿದ್ದು ತಂಗಿಯನ್ನಲ್ಲ, ಸೌಂಡಣ್ಣನನ್ನು.

“ನಾನು ಈ ಹಾಲಲ್ಲಿ ಮುದುಕನಾದೆ” ಎಂದರು ಅವರು. “ಇಷ್ಟು ಮೆತ್ತಗಿರೋ ರಾಕ್ ಕೇಳಿರ್ಲಿಲ್ಲಪ್ಪ. ಒಂದು ಕಡೆ ಶ್ರುತಿ ಹುಡುಕಾಡಿದ್ರಲ್ಲ, ಅದು ಬೇಕಂತ್ಲೇ ಮಾಡಿದ್ದಾ?”

ತಂಗಿ ಬಗ್ಗಿ ತನ್ನ ಬೇಸನ್ನು ಚೀಲಕ್ಕೆ ಹಾಕತೊಡಗಿದಳು.

ಅಣ್ಣ ಒಂದು ತಿಂಗಳು ತಂಗಿಯೊಂದಿಗೆ ಮಾತು ಬಿಟ್ಟ. ಅವಳಿಗೂ ಸುಳ್ಳು ಹೇಳಿಸಿಕೊಂಡ ಸಿಟ್ಟು ಇಳಿದಿರಲಿಲ್ಲ, ಅವಳೂ ಆ ಕಡೆ ಕಾಲಿಡಲಿಲ್ಲ. ನಡುವೆ ಆ ಮಧ್ಯಾಹ್ನದ ರೆಕಾರ್ಡು ಹೊರಬಂತು. ಹಳೆಯ ‘ಟ್ಯಾಂಕು’ ಕೇಳಿದವರೆಲ್ಲ ಇದನ್ನೂ ಕೇಳಿದರು. ಸಿಂಬಲ್ ಇಲ್ಲದ್ದಕ್ಕೆ ಕೆಲವರು ಬೈದರು, ಕೆಲವರು ಹೊಗಳಿ ಬರೆದರು. ಕಿವಿಯ ವಿಷಯ ಹೊರಗೆ ಯಾರಿಗೂ ತಿಳಿಯಲಿಲ್ಲ. ಊತ ಇಳಿದು ಎಡಗಿವಿ ಅರ್ಧದಷ್ಟು ನೆಟ್ಟಗಾಯಿತು, ಅಷ್ಟಕ್ಕೇ ನಿಂತಿತು. ಇನ್ನು ದೊಡ್ಡ ಸಭಾಂಗಣಗಳು ಬೇಡ ಎಂದರು ಡಾಕ್ಟರು.

ಒಂದು ದಿನ ಅತ್ತಿಗೆಯೇ ಫೋನು ಮಾಡಿದಳು. “ಬನ್ನಿ, ಇವರಿಬ್ಬರ ಕಾಟ ನನ್ನಿಂದ ತಡೆಯೋಕಾಗ್ತಿಲ್ಲ.”

ತಂಗಿ ಹೋದಾಗ ಬೀದಿಯ ತುದಿಗೇ ಕೂಗಾಟ ಕೇಳಿಸಿತು. ಒಳಗೆ ಅಣ್ಣ ಸ್ಪೀಕರ್ ಬೇಡದ ಮರದ ಗಿಟಾರು ತೊಡೆಯ ಮೇಲಿಟ್ಟುಕೊಂಡಿದ್ದ. ಎದುರಿಗೆ ಗುಡುಗಪ್ಪ ಒಂದು ರಟ್ಟಿನ ಡಬ್ಬ ಬೋರಲು ಹಾಕಿಕೊಂಡು ಕುಂಚ ಆಡಿಸುತ್ತಿದ್ದ. ಅವನೂ ಕಿವಿ ತೋರಿಸಿಕೊಂಡು ಬಂದಿದ್ದನಂತೆ. ಅವನದೂ ಅರ್ಧ ಹೋಗಿದೆ ಎಂದರಂತೆ.

“ಇನ್ನೂ ಮೆತ್ತಗೆ!” ಎಂದು ಅಣ್ಣ ಗಂಟಲು ಹರಿಯುವಂತೆ ಕಿರುಚುತ್ತಿದ್ದ.

“ಏನು? ಜೋರಾಗಾ?” ಎಂದು ಗುಡುಗಪ್ಪ ಅದಕ್ಕಿಂತ ಎತ್ತರದಲ್ಲಿ ಕೇಳುತ್ತಿದ್ದ.

ಅಣ್ಣ ಬಾಗಿಲಲ್ಲಿ ತಂಗಿಯನ್ನು ಕಂಡ. ಪಕ್ಕದ ಕುರ್ಚಿಯ ಮೇಲಿದ್ದ ಬಟ್ಟೆಗಳನ್ನು ನೆಲಕ್ಕೆ ಸರಿಸಿದ. ಅವಳು ಕೂರಬೇಕೆನ್ನುವಷ್ಟರಲ್ಲಿ ಹೊರಗೆ ಯಾರೋ ದಬದಬ ಬಾಗಿಲು ಬಡಿದರು. ಗಂಡಸರಿಬ್ಬರಿಗೂ ಅದು ಕೇಳಿಸಲಿಲ್ಲ. ಅವಳೇ ಹೋಗಿ ತೆಗೆದಳು. ಪಕ್ಕದ ಮನೆಯವರು ಗಾಬರಿಯಲ್ಲಿ ನಿಂತಿದ್ದರು. “ಜಗಳಾನಾ ಅಮ್ಮ? ಯಾರನ್ನಾದ್ರೂ ಕರೀಲಾ?”

“ಇಲ್ಲ ಇಲ್ಲ” ಎಂದಳು ತಂಗಿ. ನಗು ತಡೆಯಲಾಗದೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. “ತಾಲೀಮು.”